ಕೂಳೂರಿನ ರೇಡಿಯೇಟರ್ ಅಂಗಡಿ: ಕಾಂಟೆಸ್ಸಾ ಬಿಸಿ ಆಗುದು ಕೊನೆಗೂ ನಿಂತಿತು

ಮಂಗಳೂರು ಉಡುಪಿ ಕಡೆ ಹಳೆ ಗಾಡಿ ಇಟ್ಕೊಂಡವರಿಗೆ ಹೇಳ್ತಾ ಇದ್ದೇನೆ, ಇಂಜಿನ್ ಓವರ್‌ಹೀಟ್ ಆಗ್ತಾ ಉಂಟು ಅಂತಾದ್ರೆ ಆನ್‌ಲೈನಲ್ಲಿ ಹೊಸ ರೇಡಿಯೇಟರ್ ಹುಡುಕ್ಲಿಕ್ಕೆ ಕೂರುವ ಮೊದ್ಲು, ಯಾರಾದ್ರೂ ಇಂಜಿನಿನ ಮೇಲಿನ ಭಾಗ, ಅಂದ್ರೆ ಹೆಡ್ ಬಿಚ್ಚುವ ಅಂತ ಹೇಳುವ ಮೊದ್ಲು, ಕೂಳೂರು ಸೇತುವೆ ಹತ್ರ ಹೈವೇ ಬದಿಯಲ್ಲಿರುವ ರೇಡಿಯೇಟರ್ ರಿಪೇರಿ ಅಂಗಡಿಗೆ ಒಮ್ಮೆ ಹೋಗಿ ಬನ್ನಿ. ಹೆಸ್ರು ಬರ್ದ ಬೋರ್ಡ್ ಇಲ್ಲ, ತಗಡಿನ ಮೇಲೆ ಕೆಂಪು ಪೈಂಟಲ್ಲಿ ರೇಡಿಯೇಟರ್ ರಿಪೇರಿ ಅಂತ ಮಾತ್ರ ಉಂಟು. ಎದುರುಗಡೆ ಯಾವಾಗ ನೋಡಿದ್ರೂ ಕೆಂಪು ಕಲ್ಲಿನ ಲಾರಿಯೋ ಜೆಸಿಬಿಯೋ ನಿಂತಿರ್ತದೆ, ಒಳಗೆ ಬಸ್ಸಿನ ರೇಡಿಯೇಟರ್‌ಗಳು ಗೋಡೆಗೆ ಒರಗಿಸಿ ಇಟ್ಟಿರ್ತಾರೆ, ಹಾಗಾಗಿ ಕಾರಿನವರಿಗೆ ಇದು ನಮ್ಮ ಜಾಗ ಅಲ್ಲ ಅಂತ ಕಾಣ್ತದೆ. ಇಳಿದು ಕೇಳಿ. ಅಂಗಡಿ ನಡೆಸುವವರನ್ನು ಅಲ್ಲಿ ಎಲ್ರೂ ಕಾಕ ಅಂತ ಕರೆಯುದು, ನಾನೂ ಹಾಗೇ ಕರೀತೇನೆ.

ನನ್ನ ಗಾಡಿ ಕಾಂಟೆಸ್ಸಾ ಕ್ಲಾಸಿಕ್, 1.8 ಪೆಟ್ರೋಲ್. ಮಸಲ್ ಕಾರ್ ಅಂದ್ರೆ ಅಮೆರಿಕದವರಿಗೆ 1964ರ ಪಾಂಟಿಯಾಕ್ ಜಿಟಿಒ ತರದ್ದು, 389 ಕ್ಯೂಬಿಕ್ ಇಂಚಿನ ವಿ8, ನಮ್ಮ ಲೆಕ್ಕದಲ್ಲಿ ಹತ್ರ ಹತ್ರ 6.4 ಲೀಟರ್. ಅದ್ರ ಎದುರು ನಮ್ಮದು ನಾಲ್ಕೇ ಸಿಲಿಂಡರ್. ಆದ್ರೆ ಆ ಉದ್ದ ಬಾನೆಟ್, ಎದುರಿಗೆ ನಾಲ್ಕು ಹೆಡ್‌ಲೈಟ್, ಅಗಲ ಮೈ, ಹಿಂದಿನ ಚಕ್ರಕ್ಕೆ ಪವರ್, ಇದನ್ನೆಲ್ಲ ನೋಡಿಯೇ ಜನ ಕಾಂಟೆಸ್ಸಾವನ್ನು ಇಂಡಿಯಾದ ಮಸಲ್ ಕಾರ್ ಅಂತ ಕರೆಯುದು, ಆ ಹೆಸ್ರು ಅದಕ್ಕೆ ಸಲ್ತದೆ ಅಂತಲೇ ನಾನು ಹೇಳ್ತೇನೆ. ಇಂಗ್ಲೆಂಡಿನ ವಾಕ್ಸ್‌ಹಾಲ್ ಕಂಪನಿಯ ಕಾರಿನ ಡಿಸೈನ್ ತಂದು ಹಿಂದೂಸ್ತಾನ್ ಮೋಟಾರ್ಸಿನವರು 1984ರಲ್ಲಿ ಬಿಟ್ಟದ್ದು, ಶುರುವಿಗೆ ಅಂಬಾಸಿಡರಿಗೆ ಹಾಕ್ತಿದ್ದ 1489 ಸಿಸಿ ಇಂಜಿನನ್ನೇ ಇದಕ್ಕೂ ಹಾಕಿದ್ರು, ಅಷ್ಟು ದೊಡ್ಡ ಬಾಡಿಗೆ 50 ಹಾರ್ಸ್‌ಪವರ್ ಎಲ್ಲಿಗೆ ಸಾಕು, ಆಮೇಲೆ ಇಸುಜು ಕಂಪನಿಯ 1817 ಸಿಸಿ ಇಂಜಿನ್ ಬಂದ ಮೇಲೆಯೇ ಗಾಡಿಗೆ ಜೀವ ಬಂದದ್ದು. 2002ಕ್ಕೆ ಪ್ರೊಡಕ್ಷನ್ ನಿಂತಿತು. ಅಂದ್ರೆ ಈಗ ರಸ್ತೆ ಮೇಲಿರುವ ಪ್ರತಿಯೊಂದು ಕಾಂಟೆಸ್ಸಾದಲ್ಲಿ ಹತ್ತು ಜನ ಕೈ ಆಡಿಸಿರ್ತಾರೆ, ಯಾರು ಎಂತ ಬದಲಿಸಿದ್ದಾರೆ ಅಂತ ಬಿಚ್ಚಿ ನೋಡಿದ್ರೆ ಮಾತ್ರ ಗೊತ್ತಾಗುದು.

ಈ ಇಂಜಿನಲ್ಲಿ ಒಂದು ವಿಷಯ ತಲೆಯಲ್ಲಿ ಇಟ್ಕೊಳ್ಳಿ, ಕೆಳಗಿನ ಬ್ಲಾಕ್ ಬೀಡು ಕಬ್ಬಿಣ, ಮೇಲಿನ ಹೆಡ್ ಅಲ್ಯೂಮಿನಿಯಂ. ಬಿಸಿಗೆ ಅಲ್ಯೂಮಿನಿಯಂ ಕಬ್ಬಿಣಕ್ಕಿಂತ ಹೆಚ್ಚು ಹಿಗ್ತದೆ, ಹಾಗಾಗಿ ಒಂದು ಸರಿಯಾದ ಓವರ್‌ಹೀಟ್ ಆದ್ರೆ ಹೆಡ್ ಬೆಂಡ್ ಬರ್ತದೆ, ಎರಡರ ನಡುವೆ ಸೀಲ್ ಆಗಿರುವ ಗ್ಯಾಸ್ಕೆಟ್ ಹೋಗ್ತದೆ, ಮತ್ತೆ ಪಾರ್ಟ್ ಹುಡುಕಿಕೊಂಡು ಊರೂರು ಸುತ್ತಬೇಕು. ಟೆಂಪರೇಚರ್ ಮೀಟರಿನ ಮುಳ್ಳು ಕೆಂಪಿಗೆ ಬಂದ ಮೇಲೆ ಇನ್ನೊಂದು ಎರಡು ಕಿಲೋಮೀಟರ್ ಓಡಿಸುವ ಅಂತ ಹೋಗುವ ಗಾಡಿ ಇದಲ್ಲ.

ನನ್ನ ಗಾಡಿಯ ತೊಂದರೆ ಎಂತ ಅಂದ್ರೆ ನಂತೂರು, ಪಂಪ್‌ವೆಲ್ ಕಡೆ ಟ್ರಾಫಿಕ್ ಬ್ಲಾಕಲ್ಲಿ ಸಿಕ್ಕಿಕೊಂಡ್ರೆ ಮುಳ್ಳು ಮೇಲೆ ಏರ್ತಾ ಹೋಗುದು. ಎನ್‌ಎಚ್ 66ರಲ್ಲಿ ಉಡುಪಿ ಕಡೆ ಅರವತ್ತರಲ್ಲಿ ಆರಾಮ, ತೊಂಬತ್ತು ದಾಟಿದ್ರೆ ಮತ್ತೆ ಏರುದು. ಚಾರ್ಮಾಡಿ ಘಾಟಿ ಹತ್ತಿದ್ರಂತೂ ಕ್ಯಾಪಿನ ಬದಿಯಿಂದ ನೀರು ಹೊರಗೆ. ಎಸಿ ಹಾಕಿದ್ರೆ ಇದೆಲ್ಲ ಇನ್ನೂ ಬೇಗ. ಸಿಟಿಯ ಒಂದು ಗ್ಯಾರೇಜಿಗೆ ತೋರಿಸಿದೆ, ಅವ್ರು ಬಾನೆಟ್ ತೆಗ್ದು ಒಂದು ನಿಮಿಷ ನೋಡಿ ಹೆಡ್ ಗ್ಯಾಸ್ಕೆಟ್ ಹೋಗಿದೆ, ಇಂಜಿನ್ ಕೆಲ್ಸ ಬೇಕು ಅಂತ ದೊಡ್ಡ ಎಸ್ಟಿಮೇಟ್ ಬರ್ದು ಕೊಟ್ರು. ಟೆಸ್ಟ್ ಅಂತ ಒಂದೂ ಇಲ್ಲ. ಗ್ಯಾಸ್ಕೆಟ್ ಹೋಗಿದೆ ಅಂತ ಹೇಳ್ಲಿಕ್ಕೆ ಸಾಕ್ಷಿ ಬೇಕಲ್ವಾ, ಆಯಿಲಲ್ಲಿ ನೀರು ಸೇರಿದ್ರೆ ಆಯಿಲ್ ಹಾಲು ಬೆರೆಸಿದ ಹಾಗೆ ಆಗ್ತದೆ, ಸೈಲೆನ್ಸರಿಂದ ಬಿಳಿ ಹೊಗೆ ಬಿಡದೆ ಬರ್ತದೆ, ರೇಡಿಯೇಟರಲ್ಲಿ ಗುಳ್ಳೆ ಏಳ್ತದೆ, ಇದ್ಯಾವುದನ್ನೂ ಅವ್ರು ನೋಡ್ಲೇ ಇಲ್ಲ. ಸಿಟ್ಟು ಬಂತು, ಗಾಡಿ ವಾಪಸ್ ತಂದೆ.

ಕಾಕನ ಅಂಗಡಿಯಲ್ಲಿ ನಂಗೆ ಇಷ್ಟ ಆದದ್ದೇ ಇದು. ಸ್ಪ್ಯಾನರ್ ಮುಟ್ಟುವ ಮೊದ್ಲು ಅವ್ರು ಕೇಳಿದ ಪ್ರಶ್ನೆ, ಬಿಸಿ ಆಗುದು ನಿಂತಾಗಲೋ ಓಡುವಾಗಲೋ? ನಾನು ಎರಡೂ ಅಂದೆ. "ಹಾಗಾದ್ರೆ ರೋಗ ಎರಡುಂಟು, ಒಂದೇ ಮದ್ದು ಸಾಕಾಗುದಿಲ್ಲ" ಅಂದ್ರು. ಅದ್ರ ಲೆಕ್ಕ ಹೀಗೆ, ಗಾಡಿ ನಿಂತಾಗ ಅಥವಾ ನಿಧಾನ ಹೋಗುವಾಗ ಬಿಸಿ ಆಗಿ, ಓಡ್ಲಿಕ್ಕೆ ಶುರು ಮಾಡಿದ್ರೆ ಇಳಿತದೆ ಅಂತಾದ್ರೆ ಅದು ಗಾಳಿಯ ತೊಂದರೆ, ಫ್ಯಾನ್, ಫ್ಯಾನಿನ ಬೆಲ್ಟ್, ಫ್ಯಾನಿನ ಸುತ್ತಲಿನ ಕವಚ ಅಂದ್ರೆ ಶ್ರೌಡ್ ನೋಡ್ಬೇಕು, ಯಾಕಂದ್ರೆ ಸ್ಪೀಡಲ್ಲಿ ಹೋಗುವಾಗ ಗಾಳಿ ತನ್ನಷ್ಟಕ್ಕೆ ಗ್ರಿಲ್ಲಿಂದ ನುಗ್ತದೆ, ಆಗ ಫ್ಯಾನಿನ ಕೆಲ್ಸವೇ ಇಲ್ಲ. ಸ್ಪೀಡಲ್ಲಿ, ಏರಿನಲ್ಲಿ ಬಿಸಿ ಆಗ್ತದೆ ಅಂದ್ರೆ ನೀರಿನ ತೊಂದರೆ, ರೇಡಿಯೇಟರ್ ಕಟ್ಟಿದೆ, ಪಂಪ್ ಸವೆದಿದೆ, ಇಲ್ಲಾ ಕೆಳಗಿನ ಹೋಸ್ ಒಳಗೆ ಎಳ್ಕೊಂಡು ಚಪ್ಪಟೆ ಆಗ್ತಾ ಉಂಟು. ಎರಡರಲ್ಲೂ ಅಂದ್ರೆ ಎರಡೂ ಕಡೆ ಹುಡುಕ್ಬೇಕು, ಮೇಲಿಂದ ಇಗ್ನಿಷನ್ ಟೈಮಿಂಗೂ, ಅಂದ್ರೆ ಸ್ಪಾರ್ಕ್ ಸರಿಯಾದ ಹೊತ್ತಿಗೆ ಬರ್ತದಾ ಅಂತಲೂ ನೋಡ್ಬೇಕು. ಇಷ್ಟು ಸಿಂಪಲ್ ವಿಷಯ ಎಷ್ಟೋ ದೊಡ್ಡ ವರ್ಕ್‌ಶಾಪಲ್ಲಿ ಯಾರೂ ಕೇಳುದಿಲ್ಲ.

ಆಮೇಲೆ ಗಾಡಿ ಸ್ಟಾರ್ಟ್ ಮಾಡಿ ಬಿಸಿ ಆಗ್ಲಿಕ್ಕೆ ಬಿಟ್ರು. ಕೈಯಲ್ಲಿ ಟೆಂಪರೇಚರ್ ಗನ್, ಮೇಲಿನ ಹೋಸಿನ ಬುಡಕ್ಕೊಮ್ಮೆ, ಕೆಳಗಿನ ಹೋಸಿಗೊಮ್ಮೆ, ಮತ್ತೆ ರೇಡಿಯೇಟರಿನ ಮೈ ಮೇಲೆ ಎಡದಿಂದ ಬಲಕ್ಕೆ ಗೆರೆ ಎಳೆದ ಹಾಗೆ ಹಿಡೀತಾ ಹೋದ್ರು. ನಂಗೆ ಹತ್ರ ಕರ್ದು ತೋರಿಸಿದ್ರು, ಮಧ್ಯದಲ್ಲಿ ಎಲ್ಲ ಬಿಸಿ, ಬಲಗಡೆ ಕೆಳಗೆ ಅಂಗೈ ಅಗಲದ ಜಾಗದಲ್ಲಿ ನಂಬರ್ ಸಟ್ಟಂತ ಇಳಿದುಬಿಡ್ತದೆ. ಅಲ್ಲಿ ಬಿಸಿ ನೀರು ಹೋಗ್ತಾನೇ ಇಲ್ಲ ಅಂತ ಅರ್ಥ, ಒಳಗಿನ ಟ್ಯೂಬ್ ಬ್ಲಾಕ್. ಆ ಜಾಗಕ್ಕೆ ಚಾಕ್‌ಪೀಸಲ್ಲಿ ಗುರ್ತು ಹಾಕಿದ್ರು. ಹುಡುಗನಿಗೆ ಆಕ್ಸಿಲರೇಟರ್ ಕೊಡ್ಲಿಕ್ಕೆ ಹೇಳಿ ಕೆಳಗಿನ ಹೋಸ್ ಚಪ್ಪಟೆ ಆಗ್ತದಾ ನೋಡಿದ್ರು, ಆಗ್ಲಿಲ್ಲ. ವಾಟರ್ ಪಂಪಿನ ಶಾಫ್ಟ್ ಅಲ್ಲಾಡಿಸಿ ನೋಡಿದ್ರು, ಆಟ ಇಲ್ಲ, ಕೆಳಗೆ ಸೋರಿದ ಗುರ್ತೂ ಇಲ್ಲ. ಎಲ್ಲ ತಣ್ಣಗಾದ ಮೇಲೆ ಕ್ಯಾಪ್ ತೆಗ್ದು, ಕುತ್ತಿಗೆವರೆಗೆ ನೀರು ತುಂಬಿಸಿ, ಪುನಃ ಸ್ಟಾರ್ಟ್ ಮಾಡಿ ಗುಳ್ಳೆ ಬರ್ತದಾ ಅಂತ ನೋಡಿಕೊಂಡು ನಿಂತ್ರು. ಶುರುವಿಗೆ ಒಳಗೆ ಸಿಕ್ಕಿದ ಗಾಳಿ ಬಂತು, ಆಮೇಲೆ ನಿಂತಿತು. ಗ್ಯಾಸ್ಕೆಟ್ ಹೋಗಿದ್ರೆ ಸಿಲಿಂಡರಿನ ಗ್ಯಾಸ್ ನೀರಿಗೆ ನುಗ್ಗಿ ಗುಳ್ಳೆ ನಿಲ್ಲದೆ ಬರ್ತಾ ಇರ್ತದೆ. ಆಯಿಲ್ ಸ್ಟಿಕ್ ಕ್ಲೀನ್, ನಾಲ್ಕು ಪ್ಲಗ್ಗೂ ಒಂದೇ ಬಣ್ಣ. "ಹೆಡ್ ಬಿಚ್ಚುವ ಕೆಲ್ಸ ಇಲ್ಲ ಸರ್" ಅಂತ ಹೇಳಿದ್ರಲ್ಲ, ಆ ಒಂದು ಮಾತಿಗೇ ನಾನು ಅವರಿಗೆ ಋಣಿ.

ರೇಡಿಯೇಟರ್ ಬಿಚ್ಚಿ ಬೆಂಚಿಗೆ ಹಾಕಿದಾಗ ನಾನು ಅಲ್ಲೇ ಇದ್ದೆ, ನೋಡ್ಬೇಕಾದ ಕೆಲ್ಸ ಅದು. ಹಳೆ ಕಾಪರ್ ಬ್ರಾಸ್ ರೇಡಿಯೇಟರಿನ ಮೇಲಿನ ಟ್ಯಾಂಕನ್ನು ಸೋಲ್ಡರಲ್ಲಿ ಕೂರಿಸಿರ್ತಾರೆ, ಗ್ಯಾಸ್ ಟಾರ್ಚಿನ ಬೆಂಕಿಯನ್ನು ಅಂಚಿನುದ್ದಕ್ಕೂ ನಿಧಾನ ಓಡಿಸ್ತಾ ಬಂದ್ರು, ಸೋಲ್ಡರ್ ಬೆಳ್ಳಿ ಬಣ್ಣದಲ್ಲಿ ಕರಗಿ ತೊಟ್ಟಿಕ್ತಾ ಬಂತು, ಇಕ್ಕಳದಲ್ಲಿ ಹಿಡಿದು ಒಂದು ಎಳೆತ, ಟ್ಯಾಂಕ್ ಕೈಗೆ. ಒಳಗೆ ಟ್ಯೂಬುಗಳ ಬಾಯಿ ಸಾಲಾಗಿ ಕಾಣ್ತದೆ, ಅದ್ರಲ್ಲಿ ಬಲಗಡೆಯವು ಪೂರ್ತಿ ಕಂದು ಬಣ್ಣದ ಗಟ್ಟಿ ಕಿಟ್ಟ ಕಟ್ಟಿ ಮುಚ್ಚಿಹೋಗಿದ್ವು, ಚಾಕ್‌ಪೀಸಿನ ಗುರ್ತು ಎಲ್ಲಿತ್ತೋ ಸರಿ ಅದೇ ಜಾಗ. ಉಗುರಲ್ಲಿ ಕೆರೆದ್ರೆ ಕಲ್ಲಿನ ಹಾಗೆ, ಬರುದಿಲ್ಲ. ಹಳೆ ಓನರ್ ಬಾವಿ ನೀರು ಹಾಕಿಯೇ ಓಡಿಸಿದ್ದಿರ್ಬೇಕು ಅಂತ ಕಾಕ ಹೇಳಿದ್ರು. ನಮ್ಮ ಕರಾವಳಿಯಲ್ಲಿ ಇದು ದೊಡ್ಡ ವಿಷಯ ಮಾರಾಯ್ರೆ, ಕಡಲ ಹತ್ರದ ಬಾವಿ ನೀರು ಬೇಸಗೆಯಲ್ಲಿ ಉಪ್ಪಾಗ್ತದೆ, ಕೆಲವು ಕಡೆ ಕಬ್ಬಿಣದ ಅಂಶ ಹೆಚ್ಚು, ಇಂಥ ನೀರು ಬಿಸಿಯಾಗಿ ತಣ್ಣಗಾಗಿ ಬಿಸಿಯಾಗಿ ಒಳಗೆಲ್ಲ ಪದರ ಕಟ್ತದೆ. ಪೈಪಲ್ಲಿ ಬರುವ ತುಂಬೆ ಡ್ಯಾಮಿನ ನೀರು ಕುಡಿಲಿಕ್ಕೆ ಒಳ್ಳೆದೇ, ಆದ್ರೆ ರೇಡಿಯೇಟರಿಗೆ ಅದೂ ಬೇಡ, ಡಿಸ್ಟಿಲ್ಡ್ ವಾಟರ್ ಬ್ಯಾಟರಿ ಅಂಗಡಿಯಲ್ಲಿ ಕ್ಯಾನಿನಲ್ಲಿ ಸಿಗ್ತದೆ, ಅದನ್ನೇ ಹಾಕಿ.

ಇಲ್ಲಿ ಎರಡು ದಾರಿ ಉಂಟು. ಒಂದು ರಾಡಿಂಗ್, ಅಂದ್ರೆ ಚಪ್ಪಟೆ ಸ್ಟೀಲ್ ಪಟ್ಟಿಯನ್ನು ಒಂದೊಂದೇ ಟ್ಯೂಬಿಗೆ ತೂರಿಸಿ ಕಿಟ್ಟ ದಬ್ಬಿ ತೆಗೆಯುದು, ಕಡಿಮೆ ಖರ್ಚು. ಇನ್ನೊಂದು ರೀಕೋರ್, ಅಂದ್ರೆ ಹಳೆ ಟ್ಯಾಂಕ್ ಇಟ್ಕೊಂಡು ಮಧ್ಯದ ಟ್ಯೂಬ್ ಫಿನ್ ಎಲ್ಲ ಹೊಸತು ಹಾಕುದು. ನಾನು ರಾಡಿಂಗ್ ಸಾಕಾ ಕೇಳಿದೆ. ಅವ್ರು ಎಂತದ್ದೂ ಹೇಳದೆ ಫಿನ್ನಿನ ಮೇಲೆ ಹೆಬ್ಬೆರಳು ಇಟ್ಟು ಸ್ವಲ್ಪ ಉಜ್ಜಿದ್ರು, ಫಿನ್ ಹಸಿರು ಪುಡಿಯಾಗಿ ಉದುರಿತು. ಉಪ್ಪುಗಾಳಿಗೆ ತಾಮ್ರ ತಿಂದುಹೋಗಿದೆ, ಟ್ಯೂಬಿಗೂ ಫಿನ್ನಿಗೂ ಸಂಬಂಧವೇ ಬಿಟ್ಟಿದೆ. ಟ್ಯೂಬಿನ ಬಿಸಿಯನ್ನು ಗಾಳಿಗೆ ಕೊಡುದು ಫಿನ್, ಅದು ಅಂಟಿಕೊಂಡಿರದಿದ್ರೆ ಒಳಗೆ ಎಷ್ಟು ಕ್ಲೀನ್ ಮಾಡಿದ್ರೂ ವ್ಯರ್ಥ. ಹಾಗಾಗಿ ರೀಕೋರ್. ಕಡಲ ಬದಿ ಮನೆ ಇರುವವರು, ಸುರತ್ಕಲ್ ಪಣಂಬೂರು ಮಲ್ಪೆ ಕಾಪು ಕಡೆಯವರು, ನಿಮ್ಮ ಗಾಡಿಯ ಫಿನ್ ಒಮ್ಮೆ ಹೀಗೆ ಮುಟ್ಟಿ ನೋಡಿ.

ಅಲ್ಯೂಮಿನಿಯಂ ರೇಡಿಯೇಟರ್ ಹಾಕುವ ವಿಷಯದಲ್ಲಿ ಮಾತ್ರ ಕಾಕನಿಗೂ ನಂಗೂ ಪೂರ್ತಿ ಸರಿಬರ್ಲಿಲ್ಲ. ಅವ್ರು ಅಲ್ಯೂಮಿನಿಯಂ ಬೇಡವೇ ಬೇಡ ಅನ್ನುವವರು. ತೂಕ ಕಡಿಮೆ, ಅಗಲ ಟ್ಯೂಬ್, ಒಳ್ಳೆ ಮೇಕಿಂದು ಆದ್ರೆ ಕೂಲಿಂಗ್ ಚೆನ್ನಾಗಿಯೇ ಆಗ್ತದೆ, ವಿದೇಶದಲ್ಲಿ ವಿ8 ಗಾಡಿಯವರು ಹೆಚ್ಚಾಗಿ ಅದನ್ನೇ ಹಾಕುದು. ಆದ್ರೆ ಅವ್ರ ಮಾತಲ್ಲಿ ಒಂದು ಒಪ್ಪತಕ್ಕದ್ದು ಉಂಟು, ಹೆಬ್ರಿಯಲ್ಲೋ ಉಜಿರೆಯಲ್ಲೋ ಲೀಕ್ ಆದ್ರೆ ಕಾಪರಿಗೆ ಸೋಲ್ಡರ್ ಹಾಕುವವ ಹೇಗಾದ್ರೂ ಸಿಗ್ತಾನೆ, ಅಲ್ಯೂಮಿನಿಯಂ ವೆಲ್ಡಿಂಗ್ ಸರಿಯಾಗಿ ಮಾಡುವವ ಸಿಗುದು ಕಷ್ಟ. ಜೊತೆಗೆ ಹಳೆ ಗಾಡಿಯ ಅರ್ತ್ ವೈರ್ ಸರಿ ಇಲ್ಲದಿದ್ರೆ ಕರೆಂಟ್ ಕೂಲೆಂಟ್ (ರೇಡಿಯೇಟರಿನ ನೀರಿಗೆ ಬೆರೆಸುವ ದ್ರವ) ಮೂಲಕ ಹೋಗಿ ಅಲ್ಯೂಮಿನಿಯಂ ಬೇಗ ತೂತಾಗ್ತದೆ. ನಾನು ಕಾಪರಲ್ಲೇ ಉಳಿದೆ, ಒಂದು ಸಾಲು ಟ್ಯೂಬ್ ಹೆಚ್ಚು ಇರುವ ಕೋರ್ ಹಾಕಿಸಿದೆ. ಟ್ಯಾಂಕ್ ಪುನಃ ಕೂರಿಸುವ ಮೊದ್ಲು ಅಂಚು ಪೂರ್ತಿ ತಿಕ್ಕಿ, ನವಸಾಗರ ಹಾಕಿ ಕಲಾಯಿ ಹಿಡಿಸಿ, ಆಮೇಲೆ ಸೋಲ್ಡರ್ ಓಡಿಸಿದ್ರು, ಸಿಮೆಂಟ್ ತೊಟ್ಟಿಯಲ್ಲಿ ಮುಳುಗಿಸಿ ಹ್ಯಾಂಡ್ ಪಂಪಲ್ಲಿ ಗಾಳಿ ಹೊಡೆದು ತುಂಬಾ ಹೊತ್ತು ನೋಡಿದ್ರು. ಮೂಲೆಯಲ್ಲಿ ಒಂದು ಸಣ್ಣ ಗುಳ್ಳೆ, ಸಾಸಿವೆಗಿಂತಲೂ ಸಣ್ಣದು, ನಂಗೆ ಕಾಣ್ಲೇ ಇಲ್ಲ. ಅವ್ರು ತೆಗೆದು ಮತ್ತೆ ಬೆಂಕಿ ಹಿಡಿದ್ರು. ಈ ಅಂಗಡಿಯ ಮೇಲೆ ನಂಗೆ ಪೂರ್ತಿ ನಂಬಿಕೆ ಬಂದದ್ದು ಆಗ.

ಗಾಳಿಯ ಕಡೆ ಬಂದ್ರೆ ಅದು ಬೇರೆಯೇ ಕಥೆ. ಹಳೆ ಓನರ್ ಯಾರೋ ಇಂಜಿನಿಗೆ ಬೆಲ್ಟಲ್ಲಿ ತಿರುಗುವ ಫ್ಯಾನ್ ತೆಗ್ದು, ಸಣ್ಣ ವ್ಯಾನಿನ ಇಲೆಕ್ಟ್ರಿಕ್ ಫ್ಯಾನ್ ಹಾಕಿಸಿ, ಡ್ಯಾಶ್‌ಬೋರ್ಡಿನ ಅಡಿಯಲ್ಲಿ ಒಂದು ಸ್ವಿಚ್ ಕೊಟ್ಟಿದ್ರು. ಶ್ರೌಡ್ ಇಲ್ಲವೇ ಇಲ್ಲ. ಶ್ರೌಡ್ ಅಂದ್ರೆ ಫ್ಯಾನಿನ ಸುತ್ತ ರೇಡಿಯೇಟರಿಗೆ ಅಂಟಿಕೊಂಡಿರುವ ಆ ಕವಚ, ಅದು ಇದ್ರೆ ಫ್ಯಾನ್ ಇಡೀ ರೇಡಿಯೇಟರಿನ ಮೂಲಕ ಗಾಳಿ ಎಳೀತದೆ, ಇಲ್ಲದಿದ್ರೆ ಫ್ಯಾನಿನ ಎದುರು ಇರುವ ಗುಂಡಗಿನ ಜಾಗದಿಂದ ಮಾತ್ರ, ಉಳಿದ ನಾಲ್ಕು ಮೂಲೆ ಸುಮ್ಮನೆ ಬಿಸಿ ಇಟ್ಕೊಂಡು ಕೂತಿರ್ತದೆ, ಮೇಲಿಂದ ಇಂಜಿನ್ ಕಡೆಯ ಬಿಸಿ ಗಾಳಿಯೇ ಬದಿಯಿಂದ ತಿರುಗಿ ಎದುರಿಗೆ ಬರ್ತದೆ. ಸಿಗ್ನಲಲ್ಲಿ ಬಿಸಿ ಆಗುವ ಎಷ್ಟೋ ಗಾಡಿಗಳ ಕಾರಣ ಇದೊಂದೇ. ಕಾಕ ಪಕ್ಕದ ತಗಡಿನ ಕೆಲ್ಸದವರ ಹತ್ರ ಶೀಟ್ ಬೆಂಡ್ ಮಾಡಿಸಿ ಶ್ರೌಡ್ ಮಾಡಿಸಿಕೊಟ್ರು, ಬೆಲ್ಟಿನ ಫ್ಯಾನ್ ನಾನು ಹುಡುಕಿ ತಂದೆ. ಬ್ಲೇಡ್ ಹತ್ರ ಹತ್ರ ಅರ್ಧ ಕವಚದ ಒಳಗೆ, ಅರ್ಧ ಹೊರಗೆ ಇರ್ಬೇಕು ಅಂತ ಅಳತೆ ಹಿಡಿದು ಕೂರಿಸಿದ್ರು. ರೇಡಿಯೇಟರಿನ ಬದಿ ಸಂದುಗಳಿಗೆ ಫೋಮ್ ಪಟ್ಟಿ ಅಂಟಿಸಿದ್ರು, ಗಾಳಿ ಸಂದಿಯಿಂದ ತಪ್ಪಿಸಿಕೊಂಡು ಹೋಗ್ಬಾರ್ದು ಅಂತ. ಇಲೆಕ್ಟ್ರಿಕ್ ಫ್ಯಾನನ್ನು ಬಿಸಾಡದೆ ಎದುರಿಗೆ ಎಸಿಯ ಬಿಸಿ ಹೊರಗೆ ಬಿಡುವ ಕಂಡೆನ್ಸರಿನ ಮುಂದೆ ಹಾಕಿ, ಎಸಿ ಆನ್ ಆದ್ರೆ ಅದೂ ಆನ್ ಆಗುವ ಹಾಗೆ ರಿಲೇ ಕೊಟ್ಟು ವೈರಿಂಗ್ ಮಾಡಿಸ್ಲಿಕ್ಕೆ ಹೇಳಿದ್ರು.

ಎಸಿ ವಿಷಯ ಬಂತಲ್ಲ, ನಮ್ಮ ಊರಿನ ಸೆಕೆಗೂ ಇದಕ್ಕೂ ಸಂಬಂಧ ಉಂಟು. ಮಾರ್ಚಿಂದ ಮೇವರೆಗೆ ಇಲ್ಲಿ ಉಷ್ಣತೆ ಬಯಲುಸೀಮೆಯಷ್ಟು ಏರುದಿಲ್ಲ, ಆದ್ರೆ ಗಾಳಿಯಲ್ಲಿ ನೀರಿನ ಅಂಶ ಜಾಸ್ತಿ. ಎಸಿ ಆ ತೇವವನ್ನು ನೀರು ಮಾಡಿ ಕೆಳಗೆ ಬಿಡುವಾಗ ಅದ್ರ ಬಿಸಿಯನ್ನೂ ಹೊರಗೆ ಹಾಕ್ಬೇಕು, ಹಾಕುದು ಎಲ್ಲಿಗೆ, ರೇಡಿಯೇಟರಿನ ಸರೀ ಎದುರು ಇರುವ ಕಂಡೆನ್ಸರಿಗೆ. ಅಂದ್ರೆ ಬಳ್ಳಾರಿಯ ಒಣ ಬಿಸಿಲಲ್ಲಿ ಎಸಿ ಮಾಡದ ಒಂದು ಕೆಲ್ಸ ಇಲ್ಲಿ ಹೆಚ್ಚಿಗೆ ಮಾಡ್ಬೇಕು, ರೇಡಿಯೇಟರಿಗೆ ಸಿಗುವ ಗಾಳಿ ಮೊದಲೇ ಬಿಸಿಯಾಗಿ ಬರ್ತದೆ. ಹಳೆ ಗಾಡಿಗೆ ಎಸಿ ಹಾಕಿಸುವಾಗ ಕೂಲಿಂಗನ್ನೂ ಜೊತೆಗೇ ಹೆಚ್ಚಿಸ್ಬೇಕು ಅನ್ನುದು ಇದಕ್ಕೇ.

ಥರ್ಮೋಸ್ಟಾಟ್, ಅಂದ್ರೆ ಇಂಜಿನ್ ಬಿಸಿ ಆದ ಮೇಲೆ ರೇಡಿಯೇಟರಿಗೆ ನೀರು ಬಿಡುವ ವಾಲ್ವ್, ನೋಡಿದ್ರೆ ಒಳಗೆ ಖಾಲಿ. ಯಾರೋ ತೆಗ್ದು ಬಿಸಾಡಿದ್ದಾರೆ. ನಮ್ಮ ಕಡೆ ಎಷ್ಟೋ ಮೆಕ್ಯಾನಿಕ್‌ಗಳು ಇದನ್ನು ಮೊದ್ಲ ಕೆಲ್ಸ ಅಂತ ಮಾಡ್ತಾರೆ, ಇಲ್ಲಿ ಚಳಿ ಇಲ್ಲ ಇದ್ರ ಅಗತ್ಯ ಇಲ್ಲ ಅಂತ. ಇದು ತಪ್ಪು, ಖಡಾಖಂಡಿತ ತಪ್ಪು. ಥರ್ಮೋಸ್ಟಾಟ್ ಇರುದು ಚಳಿ ದೇಶಕ್ಕೆ ಮಾತ್ರ ಅಲ್ಲ, ಇಂಜಿನ್ ಬೇಗ ತನ್ನ ಸರಿಯಾದ ಬಿಸಿಗೆ ಬಂದು ಅಲ್ಲೇ ನಿಲ್ಲಲಿ ಅಂತ. ತೆಗೆದ್ರೆ ಬೆಳಿಗ್ಗೆ ಹೊತ್ತು, ಮಳೆಗಾಲದಲ್ಲಿ ಇಂಜಿನ್ ತಣ್ಣಗೇ ಓಡ್ತದೆ, ಪೆಟ್ರೋಲ್ ಹೆಚ್ಚು ಕುಡೀತದೆ, ಆಯಿಲಿಗೆ ಪೆಟ್ರೋಲ್ ಸೇರ್ತದೆ, ಸಿಲಿಂಡರ್ ಬೇಗ ಸವೀತದೆ. ಕೆಲವು ಇಂಜಿನಲ್ಲಿ ರೇಡಿಯೇಟರ್ ತಪ್ಪಿಸಿ ಹೋಗುವ ಬೈಪಾಸ್ ದಾರಿಯನ್ನು ಥರ್ಮೋಸ್ಟಾಟೇ ಮುಚ್ಚುದು, ಅಂಥದ್ರಲ್ಲಿ ತೆಗೆದ್ರೆ ಬಿಸಿ ನೀರಿನ ಒಂದು ಪಾಲು ರೇಡಿಯೇಟರಿಗೆ ಹೋಗದೆ ಇಂಜಿನಲ್ಲೇ ಸುತ್ತಿ ಓವರ್‌ಹೀಟ್ ಹೆಚ್ಚೇ ಆಗ್ತದೆ. ಕಾಕ 82 ಡಿಗ್ರಿಯದ್ದು ಹೊಸತು ತರಿಸಿದ್ರು, ಹಾಗೇ ಹಾಕ್ಲಿಲ್ಲ, ಚಾ ಮಾಡುವ ಸ್ಟವ್ ಮೇಲೆ ನೀರಿಟ್ಟು, ದಾರದಲ್ಲಿ ಇಳಿಬಿಟ್ಟು, ಥರ್ಮಾಮೀಟರ್ ಪಕ್ಕದಲ್ಲಿ ಹಿಡಿದು ಎಲ್ಲಿ ಬಾಯಿ ಬಿಡ್ತದೆ ನೋಡಿ ಆಮೇಲೆ ಹಾಕಿದ್ರು. ಹೊಸ ಪಾರ್ಟಾದ್ರೂ ಟೆಸ್ಟ್ ಮಾಡಿಯೇ ಹಾಕುವವರು ಈಗ ಎಲ್ಲಿದ್ದಾರೆ ಹೇಳಿ.

ಕ್ಯಾಪ್ ಬಗ್ಗೆ ಎಲ್ರಿಗೂ ಅಸಡ್ಡೆ, ಅದು ಮುಚ್ಚಳ ಅಲ್ವಾ ಅಂತ. ಮುಚ್ಚಳ ಅಲ್ಲ ಅದು ವಾಲ್ವ್. ಮೇಲೆ 0.9 ಅಂತ ಬರ್ದಿರ್ತದೆ, ಅಂದ್ರೆ ಅಷ್ಟು ಕೆಜಿ ಪ್ರೆಶರ್ ಬರುವವರೆಗೆ ಬಿಡುದಿಲ್ಲ. ಪ್ರೆಶರಲ್ಲಿ ನೀರು ಕುದಿಯುದು ತಡ, 0.9 ಕ್ಯಾಪ್ ಗಟ್ಟಿ ಇದ್ರೆ ಬರೇ ನೀರೇ 118 ಡಿಗ್ರಿ ಆಸುಪಾಸಿನವರೆಗೆ ಕುದಿಯುದಿಲ್ಲ, ಕೂಲೆಂಟ್ ಸೇರಿದ್ರೆ ಇನ್ನೂ ಮೇಲೆ. ಸ್ಪ್ರಿಂಗ್ ಸಡಿಲ ಆಗಿದ್ರೆ, ರಬ್ಬರ್ ಒಣಗಿದ್ರೆ ನೂರಕ್ಕೇ ಕುದಿದು ಹೊರಗೆ. ನನ್ನ ಕ್ಯಾಪನ್ನು ಟೆಸ್ಟರಿಗೆ ಹಾಕಿದ್ರೆ ಅರ್ಧ ಪ್ರೆಶರಿಗೇ ಉಸ್ ಅಂತ ಬಿಟ್ಟಿತು. ಘಾಟಿಯಲ್ಲಿ ಕ್ಯಾಪಿನ ಬದಿಯಿಂದ ಬರ್ತಿದ್ದ ನೀರಿಗೆ ಅರ್ಧ ಉತ್ತರ ಅಲ್ಲೇ ಸಿಕ್ಕಿತು, ಹೊಸ ಕ್ಯಾಪಿಗೆ ಕೊಟ್ಟದ್ದು ಇಡೀ ಬಿಲ್ಲಿನಲ್ಲೇ ಎಲ್ಲಕ್ಕಿಂತ ಸಣ್ಣ ಮೊತ್ತ.

ಕೂಲೆಂಟ್ ವಿಷಯದಲ್ಲಿ ಬಣ್ಣ ನೋಡಿ ತಗೊಳ್ಬೇಡಿ, ಬಣ್ಣ ಕಂಪನಿಯವರ ಇಷ್ಟ. ಡಬ್ಬದ ಹಿಂದೆ ಕೂಲೆಂಟಿನ ಇಂಡಿಯನ್ ಸ್ಟ್ಯಾಂಡರ್ಡ್ ನಂಬರ್ ಐಎಸ್ 5759 ಉಂಟಾ, ಕಾಪರ್ ಬ್ರಾಸಿಗೆ ಆಗ್ತದಾ ಅಂತ ಓದಿ. ನಮ್ಮಲ್ಲಿ ನೀರು ಹೆಪ್ಪುಗಟ್ಟುವ ಭಯ ಇಲ್ಲ, ಬಿಸಿ ಹೊರುದ್ರಲ್ಲಿ ಕೂಲೆಂಟಲ್ಲಿರುವ ಗ್ಲೈಕಾಲಿಗಿಂತ ನೀರೇ ಮೇಲು, ಹಾಗಾಗಿ ಅರ್ಧಕ್ಕರ್ಧ ಬೇಡ, ಮೂರ್ರಲ್ಲಿ ಒಂದು ಪಾಲು ಕೂಲೆಂಟ್ ಎರಡು ಪಾಲು ಡಿಸ್ಟಿಲ್ಡ್ ವಾಟರ್ ಅಂತ ಕಾಕ ಹಾಕಿದ್ರು. ತುಕ್ಕು ತಡೆಯುವ ಮದ್ದು ಅದ್ರಲ್ಲಿರುದ್ರಿಂದ ಬರೇ ನೀರಲ್ಲಿ ಓಡಿಸುದು ಬೇಡ.

ಇಷ್ಟೆಲ್ಲ ಆಗಿ ಗಾಡಿ ಓಡಿಸಿ ನೋಡಿದಾಗ ನೂರರಲ್ಲಿ ತೊಂಬತ್ತು ಪಾಲು ಸರಿ ಆಗಿತ್ತು, ಆದ್ರೂ ಸ್ಪೀಡಲ್ಲಿ ಮುಳ್ಳು ಚೂರು ಮೇಲೆಯೇ. ಬೇರೆಯವರಾದ್ರೆ ಹಳೆ ಗಾಡಿ ಸರ್ ಇಷ್ಟೇ ಅಂತ ಹೇಳಿ ಕಳಿಸ್ತಿದ್ರು. ಕಾಕ ಹೇಳಿದ್ದು, "ನನ್ನ ಕೆಲ್ಸ ನೀರು ಗಾಳಿ, ಅದು ಮುಗೀತು, ಈಗ ಬಿಸಿ ಹುಟ್ಟುವಲ್ಲಿ ನೋಡ್ಬೇಕು, ಟೈಮಿಂಗ್ ಚೆಕ್ ಮಾಡಿಸಿ." ಗೊತ್ತಿದ್ದ ಒಬ್ರು ಹಳೆ ಟ್ಯೂನಿಂಗ್ ಮೆಕ್ಯಾನಿಕ್ ಹತ್ರ ಕಳಿಸಿದ್ರು. ಪ್ಲಗ್ಗುಗಳಿಗೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರಲ್ಲಿ ಸ್ಪಾರ್ಕನ್ನು ಬೇಗ ಬರಿಸುವ ವ್ಯಾಕ್ಯೂಮ್ ಅಡ್ವಾನ್ಸ್ ಅಂತ ಉಂಟು, ಅವ್ರು ಅದ್ರ ಪೈಪನ್ನು ಬಾಯಲ್ಲಿ ಎಳೆದು ನೋಡಿದ್ರು, ಗಾಳಿ ಸೀದಾ ಬಂತು, ಒಳಗಿನ ಡಯಾಫ್ರಾಮ್ ಹರಿದಿದೆ. ಅದು ಕೆಲ್ಸ ಮಾಡದಿದ್ರೆ ಹದ ವೇಗದಲ್ಲಿ ಸ್ಪಾರ್ಕ್ ತಡವಾಗಿ ಬರ್ತದೆ, ಪೆಟ್ರೋಲ್ ಉರಿಯುದು ಮುಗಿಯುವಾಗ ಎಕ್ಸಾಸ್ಟ್ ವಾಲ್ವ್ ತೆರೆದಿರ್ತದೆ, ಪವರ್ ಆಗ್ಬೇಕಾದ ಬಿಸಿ ಹೆಡ್ಡಿಗೂ ಎಕ್ಸಾಸ್ಟಿಗೂ ಹೋಗ್ತದೆ. ಎಲ್ಲ ಸರಿ ಇದ್ರೂ ಪೆಟ್ರೋಲಿನ ಶಕ್ತಿಯಲ್ಲಿ ಹತ್ರ ಹತ್ರ ಮೂರನೇ ಒಂದು ಪಾಲು ಹೋಗುದು ಕೂಲಿಂಗಿಗೇ, ಟೈಮಿಂಗ್ ತಪ್ಪಿದ್ರೆ ಅದು ಇನ್ನೂ ಹೆಚ್ಚಾಗ್ತದೆ. ಅದನ್ನು ಬದಲಿಸಿ, ಟೈಮಿಂಗ್ ಲೈಟ್ ಹಿಡಿದು ಸೆಟ್ ಮಾಡಿದ ಮೇಲೆ ಮುಳ್ಳು ಅರ್ಧಕ್ಕಿಂತ ಕೆಳಗೆ ಬಂದು ಕೂತದ್ದು ಮತ್ತೆ ಅಲ್ಲಾಡ್ಲಿಲ್ಲ. ತನ್ನ ಕೆಲ್ಸದ ಗಡಿ ಎಲ್ಲಿ ಮುಗೀತದೆ ಅಂತ ಹೇಳಿ ಬೇರೆಯವರ ಹತ್ರ ಕಳಿಸುವ ಅಂಗಡಿಯವರು ಸಿಕ್ಕಿದ್ದು ನಂಗೆ ನಿಜವಾಗಿಯೂ ದೊಡ್ಡ ಸಂತೋಷ.

ಆಗುಂಬೆಗೆ ತಗೊಂಡು ಹೋದೆ, ಹೆಬ್ರಿ ಸೋಮೇಶ್ವರ ದಾರಿ. 14 ಹೇರ್‌ಪಿನ್ ತಿರುವಿನ ಆ ಘಾಟಿ ಕೂಲಿಂಗಿಗೆ ಸರಿಯಾದ ಪರೀಕ್ಷೆ, ಫಸ್ಟ್ ಸೆಕೆಂಡ್ ಗೇರಲ್ಲಿ ಇಂಜಿನಿಗೆ ಪೂರ್ತಿ ಭಾರ, ಸ್ಪೀಡ್ ಇಲ್ಲದ ಕಾರಣ ಗಾಳಿ ಪೂರ್ತಿ ಫ್ಯಾನೇ ಎಳೀಬೇಕು, ಮೇಲಿಂದ ತಿರುವಲ್ಲಿ ಎದುರು ಗಾಡಿ ಬಂದ್ರೆ ನಿಂತು ಕಾಯ್ಬೇಕು. ಎಸಿ ಹಾಕಿಕೊಂಡೇ ಹತ್ತಿದೆ. ಮೇಲೆ ಹೋಗಿ ನಿಲ್ಲಿಸಿ ಬಾನೆಟ್ ಎತ್ತಿ ನೋಡಿದ್ರೆ ಓವರ್‌ಫ್ಲೋ ಬಾಟ್ಲಿಯಲ್ಲಿ ನೀರು ಗುರ್ತಿನಲ್ಲೇ ಉಂಟು. ಇಂಜಿನಿಗೆ ಹೊಸ ಗತ್ತು ಬಂದ ಹಾಗಿತ್ತು, ಮೂರನೇ ಗೇರಲ್ಲಿ ಎಳೆಯುವ ಶಕ್ತಿಯೇ ಬೇರೆ.

ಇನ್ನು ಅಂಗಡಿಯಲ್ಲಿ ಸರಿ ಕಾಣದ್ದು. ರೇಟ್ ಕಾರ್ಡ್ ಇಲ್ಲ, ಕೆಲ್ಸಕ್ಕೆ ಕೈ ಹಾಕುವ ಮೊದ್ಲು ಬಾಯಲ್ಲಿ ಒಂದು ಅಂದಾಜು ಹೇಳ್ತಾರೆ, ನಂಗೆ ಅದಕ್ಕಿಂತ ಹೆಚ್ಚೇನೂ ಆಗ್ಲಿಲ್ಲ, ಆದ್ರೂ ಬರಹದಲ್ಲಿ ಕೊಟ್ರೆ ಒಳ್ಳೆದಿತ್ತು. ಹೇಳಿದ ಟೈಮಿಗೆ ಗಾಡಿ ಸಿಗ್ಲಿಲ್ಲ, ಬಸ್ಸು ಲಾರಿ ಬಂದ್ರೆ ಅದನ್ನೇ ಮೊದ್ಲು ಮಾಡುದು, ಅವ್ರ ದುಡಿಮೆ ನಿಲ್ತದಲ್ಲ, ಅರ್ಥ ಆಗ್ತದೆ, ಆದ್ರೆ ಫೋನ್ ಮಾಡಿ ನಾಳೆ ಬನ್ನಿ ಅಂತ ಒಂದು ಮಾತು ಹೇಳ್ಬೇಕಿತ್ತು. ಫೋನ್ ಎತ್ತುದೂ ಕಡಿಮೆ. ಕೂರ್ಲಿಕ್ಕೆ ಜಾಗ ಇಲ್ಲ, ಮಳೆಗಾಲದಲ್ಲಿ ಎದುರುಗಡೆ ಕೆಸರು, ಲೋ ಗಾಡಿಯವರು ಸರ್ವಿಸ್ ರೋಡಿಂದ ಇಳಿಸುವಾಗ ಅಡಿ ತಾಗದ ಹಾಗೆ ನೋಡಿ. ರೀಕೋರ್, ಶ್ರೌಡ್, ಥರ್ಮೋಸ್ಟಾಟ್, ಕ್ಯಾಪ್, ಕೂಲೆಂಟ್, ಬಿಚ್ಚಿ ಹಾಕುವ ಮಜೂರಿ ಎಲ್ಲ ಸೇರಿ ನಂಗೆ ಹದಿನಾಲ್ಕು ಸಾವಿರ ಚಿಲ್ಲರೆ ಬಿತ್ತು, ಟೈಮಿಂಗ್ ಕೆಲ್ಸ ಬೇರೆ. ಗ್ಯಾರೇಜಿನವರು ಕೊಟ್ಟ ಇಂಜಿನ್ ಎಸ್ಟಿಮೇಟಿನ ಎದುರು ಇದು ಲೆಕ್ಕಕ್ಕೇ ಇಲ್ಲ. ಐದಕ್ಕೆ ನಾಲ್ಕೂವರೆ ಕೊಡ್ತೇನೆ, ಆ ಅರ್ಧ ಕಡಿಮೆ ಮಾಡಿದ್ದು ಫೋನ್ ವಿಷಯಕ್ಕೆ.

ಹೋಗುವವರು ಬೆಳಿಗ್ಗೆ ಬೇಗ ಹೋಗಿ, ಲಾರಿಗಳು ಬಂದು ನಿಲ್ಲುವ ಮೊದ್ಲು. ಶುಕ್ರವಾರ ಮಧ್ಯಾಹ್ನ ನಮಾಜಿಗೆ ಮುಚ್ಚಿರ್ತದೆ, ಮೂರು ಗಂಟೆ ಮೇಲೆ ತೆರೀತದೆ. ನಿಮ್ಮ ಗಾಡಿ ಎಲ್ಲಿ ಬಿಸಿ ಆಗ್ತದೆ, ಎಷ್ಟು ಸ್ಪೀಡಲ್ಲಿ, ಎಸಿ ಹಾಕಿದಾಗಲೋ ಹಾಕದಿದ್ದಾಗಲೋ, ನಿಂತ್ರೆ ಇಳಿತದಾ ಏರ್ತದಾ, ಇಷ್ಟನ್ನು ನೋಡಿಟ್ಕೊಂಡು ಹೋದ್ರೆ ಕಾಕನಿಗೆ ಅರ್ಧ ಕೆಲ್ಸ ಕಡಿಮೆ. ಹಳೆ ಕ್ಯಾಪ್, ಹಳೆ ಥರ್ಮೋಸ್ಟಾಟ್ ಮನೆಯಲ್ಲಿ ಬಿದ್ದಿದ್ರೆ ಅದನ್ನೂ ತಗೊಂಡು ಹೋಗಿ, ಅಳತೆ ನೋಡ್ಲಿಕ್ಕೆ ಬೇಕಾಗ್ತದೆ, ಕಾಂಟೆಸ್ಸಾದ್ದು ಕೌಂಟರಲ್ಲಿ ಹೆಸ್ರು ಹೇಳಿ ಕೇಳಿದ್ರೆ ಸಿಗುದಿಲ್ಲ.